ಸೋತವರ ಕಥೆಗೆ ಗೆದ್ದವರ ಕತ್ತಿ

2025ರ ಮಾರ್ಚ್ 19ರಂದು ಜಪಾನ್ ಸಂಸತ್ತಿನ ಮೇಲ್ಮನೆಯ ಬಜೆಟ್ ಸಮಿತಿಯಲ್ಲಿ ಒಂದು ವಿಡಿಯೋ ಗೇಮ್ ಚರ್ಚೆಗೆ ಬಂತು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ಮರುದಿನವೇ ಬಿಡುಗಡೆ ಮಾಡಲಿದ್ದ 'ಅಸ್ಯಾಸಿನ್ಸ್ ಕ್ರೀಡ್ ಷಾಡೋಸ್' ಎಂಬ ಆಟ ಅದು. ಹಿಮೇಜಿಯಲ್ಲಿ ಇಂದಿಗೂ ಪೂಜೆ ನಡೆಯುವ ಒಂದು ಶಿಂತೋ ದೇಗುಲ ಆಟದಲ್ಲಿದೆ, ಆಟಗಾರ ಅದರೊಳಗೆ ನುಗ್ಗಿ ಅಲ್ಲಿನ ವಸ್ತುಗಳನ್ನು ಪುಡಿಮಾಡಬಹುದು, ಇದನ್ನು ಕಂಡು ಯಾರಾದರೂ ನಿಜವಾದ ದೇಗುಲದಲ್ಲಿ ಹಾಗೆಯೇ ಮಾಡಿದರೆ ಗತಿಯೇನು ಎಂದು ಸಂಸದ ಕಾದಾ ಹಿರೊಯುಕಿ ಕೇಳಿದರು. ದೇಗುಲಕ್ಕೆ ಅಪಚಾರ ಮಾಡುವುದನ್ನು ಒಪ್ಪಲಾಗದು ಎಂದು ಪ್ರಧಾನಿ ಇಶಿಬಾ ಶಿಗೆರು ಉತ್ತರಿಸಿದರು. ಆಟದೊಳಗಿನ ದೇಗುಲದ ಪೀಠೋಪಕರಣಗಳು ಒಡೆಯದಂತೆ ಕಂಪನಿ ತಿದ್ದುಪಡಿ ಹೊರಡಿಸಿತು.

ಅದಕ್ಕೂ ಹಿಂದೆ ಹಲವು ತಿಂಗಳು ನಡೆದ ಜಗಳ ಯಾಸುಕೆಯದು. 1579ರಲ್ಲಿ ಯೇಸು ಸಭೆಯ ಪಾದ್ರಿ ಅಲೆಸ್ಸಾಂಡ್ರೊ ವಲಿನ್ಯಾನೊ ಜೊತೆ ಜಪಾನಿಗೆ ಬಂದಿಳಿದ ಆಫ್ರಿಕನ್ ಆಳು ಈತ. 1581ರಲ್ಲಿ ಸೇನಾಧಿಪತಿ ಓದಾ ನೊಬುನಾಗನ ಕಣ್ಣಿಗೆ ಬಿದ್ದು ಅವನ ಪರಿವಾರ ಸೇರಿದ. ಮರುವರ್ಷ ನೊಬುನಾಗ ಸತ್ತ ಮೇಲೆ ದಾಖಲೆಗಳಿಂದ ಕಣ್ಮರೆಯಾದ. ಆಟದಲ್ಲಿ ಇವನೇ ಒಬ್ಬ ನಾಯಕ. ಇವನು ಸಮುರಾಯ್ ಹೌದೇ ಅಲ್ಲವೇ ಎಂಬುದಕ್ಕೆ ಜಗತ್ತಿನಾದ್ಯಂತ ಜನ ಕಾದಾಡಿದರು. ಕೈಯಲ್ಲಿರುವ ಆಧಾರವೆಂದರೆ ಕೆಲವು ಪಾದ್ರಿಗಳ ಪತ್ರಗಳು, ನೊಬುನಾಗನ ಚರಿತ್ರೆಯ ಒಂದೆರಡು ಕಡೆಯ ಪ್ರಸ್ತಾಪ ಮತ್ತು ಒಬ್ಬ ಸಮಕಾಲೀನನ ದಿನಚರಿ. ಇಷ್ಟರಲ್ಲಿ ಎರಡೂ ಕಡೆಯವರಿಗೆ ಅಷ್ಟು ಖಚಿತತೆ ಎಲ್ಲಿಂದ ಬಂತೋ.

ಮಧ್ಯಯುಗದ ಜಪಾನನ್ನು ಆಧರಿಸಿದ ಐತಿಹಾಸಿಕ ಫ್ಯಾಂಟಸಿ ಈಗ ದೊಡ್ಡ ಉದ್ಯಮ. ಕಾದಂಬರಿ, ಅನಿಮೆ, ಗೇಮ್, ಧಾರಾವಾಹಿ, ಎಲ್ಲದರಲ್ಲೂ ಅದಿದೆ. ಹೊಸದೊಂದು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ ಮಾತ್ರ ಒಂದೇ: ಇದು ಇತಿಹಾಸಕ್ಕೆ ನಿಷ್ಠವೇ? ಆ ಕಾಲದಲ್ಲಿ ಈ ಕತ್ತಿ ಇತ್ತೇ, ಈ ಹೂವು ಆ ತಿಂಗಳಲ್ಲಿ ಅರಳುತ್ತದೆಯೇ, ಈ ಚಾಪೆಯ ಆಕಾರ ಸರಿಯೇ? ನನಗೆ ಇದು ತಪ್ಪು ಪ್ರಶ್ನೆ ಎನಿಸುತ್ತದೆ. ಈ ಕೃತಿಗಳು ಆಧರಿಸುವ ಮಧ್ಯಯುಗದ ಐತಿಹ್ಯಗಳೇ ಇತಿಹಾಸಕ್ಕೆ ನಿಷ್ಠವಲ್ಲ. ಅವು ಇತಿಹಾಸವನ್ನು ಬೇಕೆಂದೇ ತಿರುಚಿದವು, ಅದಕ್ಕೆ ಅವುಗಳದೇ ಉದ್ದೇಶವಿತ್ತು. ಇಂದಿನ ಫ್ಯಾಂಟಸಿ ಕಳೆದುಕೊಂಡಿರುವುದು ಆ ಉದ್ದೇಶವನ್ನು.

ಕುಮಗಾಯ್ ನಾವೊಝಾನೆಯ ಕಥೆ ನೋಡಿ. 1180ರಿಂದ 1185ರವರೆಗೆ ತಾಯ್ರಾ ಮತ್ತು ಮಿನಮೋತೊ ವಂಶಗಳ ನಡುವೆ ನಡೆದ ಯುದ್ಧವೇ ಜಪಾನಿನ ಮಹಾಕಾವ್ಯದ ವಸ್ತು. ತಾಯ್ರಾಗಳಿಗೆ ಹೇಯ್ಕೆ ಎಂಬ ಹೆಸರೂ ಇದೆ, ಹಾಗಾಗಿ ಅದು 'ಹೇಯ್ಕೆ ಮೊನೊಗತಾರಿ'. ಅದರಲ್ಲಿ 1184ರ ಇಚಿನೊತಾನಿ ಕಾಳಗದ ದಿನ ಮಿನಮೋತೊ ಪಕ್ಷದ ಕುಮಗಾಯ್ ಸಮುದ್ರದ ದಂಡೆಯಲ್ಲಿ ಒಬ್ಬ ಶತ್ರುವನ್ನು ಕೆಡವಿ ಶಿರಸ್ತ್ರಾಣ ಕಿತ್ತರೆ, ಒಳಗೆ ಹದಿನಾರು ಹದಿನೇಳರ ಹುಡುಗನ ಮುಖ. ತನ್ನ ಮಗನದೇ ವಯಸ್ಸು. ಬಿಟ್ಟುಬಿಡೋಣ ಎಂದುಕೊಂಡರೆ ಹಿಂದಿನಿಂದ ತನ್ನವರೇ ಬರುತ್ತಿದ್ದಾರೆ, ಅವರು ಬಿಡುವುದಿಲ್ಲ. ಅಳುತ್ತಲೇ ತಲೆ ಕತ್ತರಿಸುತ್ತಾನೆ. ಹುಡುಗನ ಸೊಂಟದಲ್ಲಿ ಒಂದು ಕೊಳಲು ಸಿಗುತ್ತದೆ. ಆ ಬೆಳಗಿನ ಜಾವ ಶತ್ರುಗಳ ಪಾಳೆಯದಿಂದ ಕೇಳಿಬಂದಿದ್ದ ಸಂಗೀತ ಇವರದೇ ಇರಬೇಕು ಎಂದು ಆಗ ಅವನಿಗೆ ಹೊಳೆಯುತ್ತದೆ. ಹುಡುಗ ಅತ್ಸುಮೋರಿ. ಸನ್ಯಾಸದ ಕಡೆಗೆ ಕುಮಗಾಯ್‌ಯ ಮನಸ್ಸು ತಿರುಗಿದ್ದು ಇಲ್ಲಿಂದ ಎನ್ನುತ್ತದೆ ಕಾವ್ಯ.

ಅವನು ಸನ್ಯಾಸಿಯಾದದ್ದು ನಿಜ, ಬೌದ್ಧ ಗುರು ಹೊನೆನ್ ಅವರ ಶಿಷ್ಯನಾದದ್ದೂ ನಿಜ. ಆದರೆ ಗೆದ್ದ ಮಿನಮೋತೊಗಳು ಕಟ್ಟಿದ ಕಾಮಕುರಾ ಆಡಳಿತದ ಚರಿತ್ರೆಯಾದ 'ಅಝುಮಾ ಕಗಾಮಿ' ಬೇರೆ ಕಾರಣ ಕೊಡುತ್ತದೆ. 1192ರಲ್ಲಿ ಜಮೀನಿನ ಗಡಿಯ ಬಗ್ಗೆ ಅವನಿಗೂ ಅವನ ಬಂಧುವಿಗೂ ವ್ಯಾಜ್ಯವಿತ್ತು. ವಿಚಾರಣೆ ನಡೆದದ್ದು ಶೋಗುನ್, ಅಂದರೆ ಸೇನಾಡಳಿತದ ಮುಖ್ಯಸ್ಥ, ಯೊರಿತೊಮೊನ ಎದುರು. ಮಾತಿನಲ್ಲಿ ಅಷ್ಟೇನೂ ಚುರುಕಲ್ಲದ ಕುಮಗಾಯ್ ಪ್ರಶ್ನೆಗಳಿಗೆ ಉತ್ತರಿಸಲಾಗದೆ ಸಿಟ್ಟಿಗೆದ್ದು, ದಸ್ತಾವೇಜುಗಳನ್ನು ಎಸೆದು, ಹೊರಗೆ ಬಂದು ತಲೆಯ ಜುಟ್ಟನ್ನು ಕತ್ತರಿಸಿಕೊಂಡ. ಹೊಲದ ಬದುವಿನ ಜಗಳದಲ್ಲಿ ಸೋತ ಮನುಷ್ಯ ಕಾವ್ಯದಲ್ಲಿ ಪಶ್ಚಾತ್ತಾಪಪಟ್ಟ ವೀರನಾದ.

ಇದು ಸುಳ್ಳು, ಆದರೆ ಎಂಥ ಸುಳ್ಳು ಎಂಬುದನ್ನು ಗಮನಿಸಬೇಕು. ಗೆದ್ದ ಪಕ್ಷದ ಸೈನಿಕನೊಬ್ಬನ ಇಡೀ ಜೀವನವನ್ನು ಅದು ಸೋತ ಪಕ್ಷದ ಹುಡುಗನೊಬ್ಬನ ಸಾವಿನ ಸುತ್ತ ಕಟ್ಟಿತು. ಸುಮಾರು ಎರಡು ಶತಮಾನಗಳ ನಂತರ 'ನೋ' ಎಂಬ ಜಪಾನೀ ನಾಟಕಪ್ರಕಾರದ ನಾಟಕಕಾರ ಝೆಯಾಮಿ ಇದನ್ನೇ ಎತ್ತಿಕೊಂಡು ಇನ್ನಷ್ಟು ಮುಂದೆ ಹೋದ. ಅವನ ನಾಟಕದಲ್ಲಿ ಸತ್ತ ಅತ್ಸುಮೋರಿಯ ಪ್ರೇತ ಸೇಡಿಗಾಗಿ ಬರುತ್ತದೆ, ತನ್ನ ಹೆಸರಿನಲ್ಲಿ ಪ್ರಾರ್ಥಿಸುತ್ತಿರುವ ಸನ್ಯಾಸಿಯನ್ನು ಕಂಡು ಇವನು ಇನ್ನು ಶತ್ರುವಲ್ಲ ಎಂದು ಕತ್ತಿ ಇಳಿಸುತ್ತದೆ.

ಈ ಕಾವ್ಯವನ್ನು ಹಾಡಿಕೊಂಡು ತಿರುಗಿದವರು ಬಿವಾ ಎಂಬ ತಂತಿವಾದ್ಯ ಹಿಡಿದ ಅಂಧ ಗಾಯಕರು. ಅವರ ಗುರು ಕಾಕುಇಚಿ 1371ರಲ್ಲಿ ಸಾಯುವ ಮುನ್ನ ಹೇಳಿ ಬರೆಸಿದ ಪಾಠವೇ ಇಂದು ಹೆಚ್ಚು ಪ್ರಚಾರದಲ್ಲಿರುವುದು. ಅದರ ಮೊದಲ ಸಾಲಿನಲ್ಲಿ ಮೊಳಗುವ ಗಂಟೆ ಕ್ಯೋಟೋದ್ದಲ್ಲ, ನಮ್ಮ ಶ್ರಾವಸ್ತಿಯ ಜೇತವನ ವಿಹಾರದ್ದು. ಎಲ್ಲವೂ ಅನಿತ್ಯ ಎಂದು ಆ ಗಂಟೆ ಸಾರುತ್ತದೆ, ಬುದ್ಧನ ಪರಿನಿರ್ವಾಣದ ಸಾಲವೃಕ್ಷಗಳ ಹೂಬಣ್ಣ ಉಚ್ಚಸ್ಥಿತಿಯಲ್ಲಿರುವವರ ಪತನವನ್ನು ತೋರಿಸುತ್ತದೆ. ಆಮೇಲೆ ನೂರಾರು ಪುಟ ಪತನವೇ. ಕೊನೆಗೆ 1185ರಲ್ಲಿ ದಾನ್‌ನೊಉರಾ ಜಲಸಂಧಿಯಲ್ಲಿ ಅಜ್ಜಿ ತನ್ನ ಮೊಮ್ಮಗನಾದ ಬಾಲ ಚಕ್ರವರ್ತಿ ಅಂತೊಕುವನ್ನು ಎತ್ತಿಕೊಂಡು, ಅಲೆಗಳ ಕೆಳಗೂ ಒಂದು ರಾಜಧಾನಿ ಇದೆ ಎಂದು ಸಮಾಧಾನ ಹೇಳಿ, ಸಮುದ್ರಕ್ಕೆ ಹಾರುತ್ತಾಳೆ. ಗೆದ್ದವರ ಆಳ್ವಿಕೆಯಲ್ಲಿ ಹುಟ್ಟಿದ ಕಾವ್ಯ ಸೋತವರ ಹೆಸರಿನಲ್ಲಿದೆ, ಸೋತವರಿಗಾಗಿ ಅಳುತ್ತದೆ.

ಇದರಲ್ಲಿ ಕರುಣೆಯ ಜೊತೆ ಭಯವೂ ಇದೆ. ಅನ್ಯಾಯವಾಗಿ, ಸಿಟ್ಟಿನಲ್ಲಿ ಸತ್ತವರು ಸುಮ್ಮನಿರುವುದಿಲ್ಲ, ಭೂಕಂಪವಾಗಿ, ಸಿಡುಬಾಗಿ, ಬರಗಾಲವಾಗಿ ಮರಳುತ್ತಾರೆ ಎಂಬುದು ಅಲ್ಲಿನ ಗಟ್ಟಿ ನಂಬಿಕೆ. ಅವರ ಕಥೆಯನ್ನು ಹಾಡುವುದೇ ಅವರನ್ನು ತಣಿಸುವ ದಾರಿ. ಹೀಗಾಗಿ ಈ ಕಥನವನ್ನು ಮನರಂಜನೆ ಎನ್ನುವುದಕ್ಕಿಂತ ಶಾಂತಿಕರ್ಮ ಎನ್ನುವುದೇ ಹೆಚ್ಚು ಸರಿ.

ಇದು ಹಳೆಯ ಮೂಢನಂಬಿಕೆ ಎಂದು ಪಕ್ಕಕ್ಕಿಡುವ ಹಾಗೂ ಇಲ್ಲ, ಆಧುನಿಕ ಸರ್ಕಾರಗಳೇ ಇದಕ್ಕೆ ತಲೆಬಾಗಿವೆ. 1156ರ ಅಧಿಕಾರ ಕಲಹದಲ್ಲಿ ಸೋತು ಶಿಕೋಕು ದ್ವೀಪಕ್ಕೆ ಗಡೀಪಾರಾದ ಮಾಜಿ ಚಕ್ರವರ್ತಿ ಸುತೋಕು 1164ರಲ್ಲಿ ಅಲ್ಲಿಯೇ ತೀರಿಕೊಂಡ. ಸಾಯುವ ಮುನ್ನ ತನ್ನ ರಕ್ತದಲ್ಲಿ ರಾಜಮನೆತನಕ್ಕೆ ಶಾಪ ಬರೆದು, ರೆಕ್ಕೆಯುಳ್ಳ ತೆಂಗು ಎಂಬ ಪಿಶಾಚಿಯಾದ ಎಂಬುದು ಐತಿಹ್ಯ. 1868ರಲ್ಲಿ, ಆಧುನಿಕ ಜಪಾನನ್ನು ಕಟ್ಟಹೊರಟ ಮೇಯ್ಜಿ ಚಕ್ರವರ್ತಿ, ಸುತೋಕುವಿನ ಆತ್ಮವನ್ನು ವಿಧಿಪೂರ್ವಕವಾಗಿ ಕ್ಯೋಟೋಗೆ ಕರೆಸಿ ದೇಗುಲ ಕಟ್ಟಿಸಿದ.

ತಾಯ್ರಾ ನೊ ಮಸಕಾದೊನದು ಇನ್ನೂ ಸೊಗಸಾದ ಪ್ರಕರಣ. ಪೂರ್ವ ಪ್ರಾಂತ್ಯದಲ್ಲಿ ಬಂಡೆದ್ದು ತಾನೇ ಹೊಸ ಚಕ್ರವರ್ತಿ ಎಂದು ಘೋಷಿಸಿಕೊಂಡ ಇವನನ್ನು 940ರಲ್ಲಿ ಕೊಲ್ಲಲಾಯಿತು. ಕ್ಯೋಟೋದಲ್ಲಿ ಪ್ರದರ್ಶನಕ್ಕಿಟ್ಟ ಅವನ ತಲೆ ಹಾರಿ ಪೂರ್ವಕ್ಕೆ ಬಂದಿತಂತೆ. ಅದು ಬಿದ್ದ ಜಾಗ ಎನ್ನಲಾಗುವ ದಿಬ್ಬ ಇಂದಿಗೂ ಟೋಕಿಯೋದ ಓತೆಮಾಚಿಯಲ್ಲಿ, ಬ್ಯಾಂಕುಗಳ ಗಗನಚುಂಬಿಗಳ ನಡುವೆ ಇದೆ. 1923ರ ಮಹಾ ಭೂಕಂಪದ ನಂತರ ಅಲ್ಲಿ ಹಣಕಾಸು ಸಚಿವಾಲಯದ ತಾತ್ಕಾಲಿಕ ಕಟ್ಟಡ ಎದ್ದಿತು. ಸಚಿವ ಹಯಾಮಿ ಸೇಯ್ಜಿ ಸೇರಿದಂತೆ ಅಲ್ಲಿನ ಹಲವರು ಒಬ್ಬರ ಹಿಂದೊಬ್ಬರು ಸತ್ತಾಗ ಗುಸುಗುಸು ಹಬ್ಬಿ, ಕಟ್ಟಡ ತೆಗೆದು ಶಾಂತಿ ಮಾಡಿಸಲಾಯಿತು. ಇದೇ ಮಸಕಾದೊ ರಾಜದ್ರೋಹಿ ಎಂಬ ಕಾರಣಕ್ಕೆ 1874ರಲ್ಲಿ ಕಾಂದಾ ದೇಗುಲದ ಮುಖ್ಯ ದೇವರ ಪಟ್ಟದಿಂದ ಕೆಳಗಿಳಿದಿದ್ದ. ಮತ್ತೆ ಆ ಪಟ್ಟ ಸಿಕ್ಕಿದ್ದು 1984ರಲ್ಲಿ. 1976ರಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಅವನನ್ನು ನಾಯಕನಾಗಿಸಿ ವರ್ಷವಿಡೀ ಧಾರಾವಾಹಿ ತೋರಿಸಿತ್ತು. 1980ರ ದಶಕದಲ್ಲಿ ಅರಾಮಾತಾ ಹಿರೋಶಿ ಅವನ ಪ್ರೇತವನ್ನೇ ಕೇಂದ್ರದಲ್ಲಿಟ್ಟು ಟೋಕಿಯೋದ ಬಗ್ಗೆ ಬೃಹತ್ ಫ್ಯಾಂಟಸಿ ಕಾದಂಬರಿಮಾಲೆ ಬರೆದರು. ಐತಿಹ್ಯ, ಭಯ, ರಾಜಕೀಯ, ಜನಪ್ರಿಯ ಕಥೆ ಇವು ನಾಲ್ಕೂ ಅಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ.

ಈಗ 2020ರಲ್ಲಿ ಅಮೆರಿಕದ ಸ್ಟುಡಿಯೋ ಒಂದು ತಯಾರಿಸಿದ 'ಘೋಸ್ಟ್ ಆಫ್ ತ್ಸುಶಿಮಾ' ಆಟಕ್ಕೆ ಬರೋಣ. ಈ ಜಾತಿಯ ಕೃತಿಗಳಲ್ಲಿ ಇದಕ್ಕೆ ಸಿಕ್ಕಷ್ಟು ಪ್ರೀತಿ ಇನ್ನೊಂದಕ್ಕೆ ಸಿಕ್ಕಿಲ್ಲ. 1274ರಲ್ಲಿ ಮಂಗೋಲರು ತ್ಸುಶಿಮಾ ದ್ವೀಪದ ಮೇಲೆ ಎರಗಿದ್ದು ಇತಿಹಾಸ. ಆಟದ ನಾಯಕ ಹೈಕು ಕಟ್ಟುತ್ತಾನೆ, ಹೈಕು ಪ್ರಕಾರ ರೂಪುಗೊಂಡದ್ದು ಕೆಲವು ಶತಮಾನಗಳ ನಂತರ. ಅವನ ಕತ್ತಿ, ಕವಚಗಳೂ ಮುಂದಿನ ಕಾಲದವು. ಇದು ತಪ್ಪು ಪಟ್ಟಿ ಮಾಡುವವರಿಗೆ ಹಬ್ಬ, ಆದರೆ ತಯಾರಕರೇ ಇದನ್ನು ಮುಚ್ಚಿಡಲಿಲ್ಲ. ಇಡೀ ಆಟವನ್ನು ಕಪ್ಪು ಬಿಳುಪಿನಲ್ಲಿ ನೋಡಲು ಚಿತ್ರ ನಿರ್ದೇಶಕ ಕುರೊಸಾವಾ ಹೆಸರಿನ ಆಯ್ಕೆಯೊಂದನ್ನು ಇಟ್ಟರು. ಅವರ ಮೂಲ 13ನೇ ಶತಮಾನವಲ್ಲ, 1950ರ ದಶಕದ ಸಿನಿಮಾ. ಪ್ರಾಮಾಣಿಕತೆ ಮೆಚ್ಚತಕ್ಕದ್ದೇ.

ನನ್ನ ತಕರಾರು ಇರುವುದು ಕಥೆಯ ತಿರುಳಿನ ಬಗ್ಗೆ. ನೇರವಾಗಿ ಎದುರಿಸಿ ಹೋರಾಡುವುದು ಸಮುರಾಯ್‌ಗಳ ಮರ್ಯಾದೆ, ಹಿಂದಿನಿಂದ ಕೊಲ್ಲುವುದು ಅದಕ್ಕೆ ಕಳಂಕ, ನಾಡನ್ನು ಉಳಿಸಲು ನಾಯಕ ಈ ಮರ್ಯಾದೆಯನ್ನು ಬಿಡಬೇಕೇ ಎಂಬುದು ಅಲ್ಲಿನ ಸಂಘರ್ಷ. ಆದರೆ ಮಧ್ಯಯುಗದ ಯೋಧರಿಗೆ ಇಂಥ ಸಂಕಟವೇ ಇರಲಿಲ್ಲ. ಅವರ ಕಸುಬಿನ ಹೆಸರೇ ಬಿಲ್ಲು ಮತ್ತು ಕುದುರೆಯ ಮಾರ್ಗ, ಮುಖ್ಯ ಆಯುಧ ಕತ್ತಿಯಲ್ಲ. ರಾತ್ರಿ ದಾಳಿ, ಹಿಂಬದಿಯ ದಾಳಿ, ಬೆಂಕಿ ಹಚ್ಚುವುದು ಎಲ್ಲವೂ ನಡೆಯುತ್ತಿತ್ತು. ಅತ್ಸುಮೋರಿ ಸತ್ತ ಕಾಳಗದಲ್ಲೇ ಸೇನಾನಿ ಯೊಶಿತ್ಸುನೆ ಕಡಿದಾದ ಬೆಟ್ಟದಿಂದ ಇಳಿದು ಹಿಂದಿನಿಂದ ಎರಗಿದ ಎಂದು ಕಾವ್ಯ ಮೆಚ್ಚುಗೆಯಿಂದಲೇ ಹೇಳುತ್ತದೆ. ಇಂದು ನಾವು ಬುಶಿದೊ ಎಂದು ಕರೆಯುವ ನೀತಿಸಂಹಿತೆ ಜಗತ್ತಿಗೆ ಪರಿಚಯವಾದದ್ದು ನಿತೊಬೆ ಇನಾಝೊ 1900ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕದಿಂದ. ಅವರು ಕ್ವೇಕರ್ ಕ್ರೈಸ್ತರು, ಪಾಶ್ಚಾತ್ಯರಿಗೆ ಜಪಾನಿನ ನೈತಿಕತೆಯನ್ನು ವಿವರಿಸಲು ಬರೆದವರು.

ಮಂಗೋಲರೊಡನೆ ನಿಜವಾಗಿ ಕಾದಾಡಿದ ಒಬ್ಬ ಸಮುರಾಯ್ ಏನು ಮಾಡಿದ ಎಂಬುದು ನಮಗೆ ಚೆನ್ನಾಗಿ ಗೊತ್ತು, ಅವನೇ ಚಿತ್ರ ಬರೆಸಿಟ್ಟಿದ್ದಾನೆ. ತಕೆಝಾಕಿ ಸುಎನಾಗ 1274ರಲ್ಲಿ ಕ್ಯೂಶೂ ತೀರದಲ್ಲಿ ಗಾಯಗೊಂಡ. ತನ್ನ ಶೌರ್ಯ ಸರ್ಕಾರಿ ವರದಿಯಲ್ಲಿ ದಾಖಲಾಗಲಿಲ್ಲ, ಇನಾಮು ಸಿಗಲಿಲ್ಲ ಎಂದು ಮರುವರ್ಷ ಕುದುರೆ, ಜೀನು ಮಾರಿ ಖರ್ಚಿಗೆ ಹಣ ಹೊಂದಿಸಿಕೊಂಡು ದೂರದ ಕಾಮಕುರಾಕ್ಕೆ ಹೊರಟ. ಅಧಿಕಾರಿಗಳ ಬಾಗಿಲು ಬಾಗಿಲು ಅಲೆದು, ಕೊನೆಗೂ ಜಮೀನಿನ ಹಕ್ಕುಪತ್ರ ಗಿಟ್ಟಿಸಿಕೊಂಡೇ ಬಂದ. ಈ ಅಲೆದಾಟವೂ ಯುದ್ಧದಷ್ಟೇ ವಿವರವಾಗಿ ಅವನ ಚಿತ್ರಸುರುಳಿಯಲ್ಲಿದೆ. ಮರ್ಯಾದೆಯ ಸಂಕಟಕ್ಕಿಂತ ಈ ಕಥೆ ನಮಗೆ ಎಷ್ಟು ಹತ್ತಿರದ್ದು! ತಾಲ್ಲೂಕು ಕಚೇರಿಗೆ ಅಲೆದವರಿಗೆಲ್ಲ ಅರ್ಥವಾಗುತ್ತದೆ.

ಇನ್ನು ತ್ಸುಶಿಮಾದಲ್ಲಿ ನಡೆದದ್ದು. ಸೋ ಸುಕೆಕುನಿ ಎಂಬವನು ಎಂಬತ್ತರಷ್ಟು ಸವಾರರೊಂದಿಗೆ ಕೊಮೊದಾ ತೀರದಲ್ಲಿ ಎದುರಿಸಿದ, ಎಲ್ಲರೂ ಸತ್ತರು. ದ್ವೀಪ ಮಂಗೋಲರ ಕೈಗೆ ಹೋಯಿತು. ಯಾವ ನಾಯಕನೂ ಅದನ್ನು ಬಿಡಿಸಿಕೊಳ್ಳಲಿಲ್ಲ, ಆಕ್ರಮಣಕಾರರು ಅಲ್ಲಿಂದ ಮುಂದಕ್ಕೆ ಹೋದರು. ಆ ತೀರದ ದೇಗುಲದಲ್ಲಿ ಇಂದಿಗೂ ಹಬ್ಬದ ದಿನ ಕವಚ ತೊಟ್ಟವರು ಸಮುದ್ರದ ಕಡೆಗೆ ಬಿಲ್ಲಿನ ಹೆದೆಯನ್ನು ಮಿಡಿಯುತ್ತಾರೆ. ದ್ವೀಪದ ಸ್ವಂತ ನೆನಪು ಈ ತೆರನಾದ್ದು. ಆಟ ಅದನ್ನು ಗೆಲುವಾಗಿ ಬದಲಿಸಿತು.

ದ್ವೀಪದವರು ಇದಕ್ಕೆ ಸಿಟ್ಟಾಗಲಿಲ್ಲ ಎಂಬುದನ್ನೂ ಹೇಳಬೇಕು. 2021ರಲ್ಲಿ ಆಟದ ಇಬ್ಬರು ನಿರ್ದೇಶಕರನ್ನು ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ಮಾಡಿದರು. 2020ರ ಚಂಡಮಾರುತದಲ್ಲಿ ವತಾತ್ಸುಮಿ ದೇಗುಲದ ತೋರಿ ಕಮಾನು ಮುರಿದಾಗ 50 ಲಕ್ಷ ಯೆನ್ ಸಂಗ್ರಹದ ಗುರಿಗೆ 2.7 ಕೋಟಿ ಯೆನ್ ಬಂತು, ಆಟದ ಅಭಿಮಾನಿಗಳೇ ಬಹುಪಾಲು ಕೊಟ್ಟರು. ಅದೇ ದೇಗುಲ 2025ರ ಮಾರ್ಚ್‌ನಲ್ಲಿ, ಪ್ರವಾಸಿಗರ ಅಗೌರವದ ವರ್ತನೆಯಿಂದ ಬೇಸತ್ತು, ಪೂಜೆಗೆ ಬರುವವರನ್ನು ಬಿಟ್ಟು ಉಳಿದವರಿಗೆ ಪ್ರವೇಶವಿಲ್ಲ ಎಂದು ಸಾರಿತು. ಇದನ್ನು ಆಟದ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಒಂದು ಊರು ಕಥೆಯ ಹಿನ್ನೆಲೆಯಾಗಿಯೇ ಪ್ರಸಿದ್ಧವಾದಾಗ ಅಲ್ಲಿ ಏನೆಲ್ಲ ಆಗುತ್ತದೆ ಎಂಬುದಕ್ಕೆ ಈ ಎರಡೂ ಘಟನೆಗಳನ್ನು ಒಟ್ಟಿಗೆ ನೋಡಬೇಕು.

ಹೊರಗಿನವರು ಕೆಡಿಸಿದರು, ಜಪಾನಿಗಳು ಕಾಪಾಡಿದರು ಎಂಬ ಸುಲಭದ ತೀರ್ಮಾನವೂ ನಿಲ್ಲುವುದಿಲ್ಲ. ಯೊಶಿತ್ಸುನೆಯದನ್ನೇ ನೋಡಿ. ಯುದ್ಧ ಗೆದ್ದುಕೊಟ್ಟವನು ಅಣ್ಣ ಯೊರಿತೊಮೊನ ಅಸೂಯೆಗೆ ಗುರಿಯಾಗಿ 1189ರಲ್ಲಿ ಉತ್ತರದ ಕೊರೊಮೊ ನದಿಯ ಬಳಿ ಮೂವತ್ತರ ಆಸುಪಾಸಿನಲ್ಲಿ ಸತ್ತ. ಜನ ಅವನಿಗಾಗಿ ಎಷ್ಟು ಮರುಗಿದರೆಂದರೆ, ಸೋತವರ ಪರ ಒಲಿಯುವ ಮನೋಭಾವಕ್ಕೆ ಅಲ್ಲಿ ಅವನ ಪದವಿಯ ಹೆಸರನ್ನೇ ಇಟ್ಟಿದ್ದಾರೆ. ಅವನು ಸಾಯಲಿಲ್ಲ, ಉತ್ತರದ ದ್ವೀಪಕ್ಕೆ ತಪ್ಪಿಸಿಕೊಂಡ ಎಂದು ಕಥೆ ಬೆಳೆಯಿತು. ಮರುಕ ಇಲ್ಲಿಗೆ ನಿಂತಿದ್ದರೆ ಚೆನ್ನಿತ್ತು. 1879ರಲ್ಲಿ ಲಂಡನ್ನಿನಲ್ಲಿದ್ದ ಸುಎಮಾತ್ಸು ಕೆಂಚೊ, ಅವನು ಅಲ್ಲಿಂದ ಏಷ್ಯಾ ಖಂಡಕ್ಕೆ ದಾಟಿ ಚೆಂಗೀಸ್ ಖಾನ್ ಆದ ಎಂದು ಬರೆದರು. 1924ರಲ್ಲಿ ಒಯಾಬೆ ಝೆನ್‌ಇಚಿರೊ ಇದನ್ನೇ ಹಿಗ್ಗಿಸಿ ಬರೆದ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ಇತಿಹಾಸಕಾರರು ಖಂಡಿಸಿದರು, ಓದುಗರು ಕೇಳಿಸಿಕೊಳ್ಳಲಿಲ್ಲ. ಏಳು ವರ್ಷಗಳಲ್ಲಿ ಜಪಾನ್ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಪುಸ್ತಕದಿಂದಲೇ ಯುದ್ಧವಾಯಿತು ಎನ್ನಲಾಗದು, ಆದರೆ ಏಷ್ಯಾ ಖಂಡವನ್ನು ಆಳುವುದು ತಮ್ಮ ವೀರನ ಹಳೆಯ ಹಕ್ಕು ಎಂದು ನಂಬಲು ಬಯಸುವವರಿಗೆ ಅದು ಹಿತವಾಗಿತ್ತು. ಸೋತವನನ್ನು ಸೋತವನಾಗಿಯೇ ಇರಲು ಬಿಡದ ಫ್ಯಾಂಟಸಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಎಲ್ಲ ತಿರುಚುವಿಕೆಯೂ ಇಷ್ಟು ಅಪಾಯಕಾರಿಯಲ್ಲ. ಮಂತ್ರವಾದಿ ಆಬೆ ನೊ ಸೇಯ್ಮೇಯ್ ಇಂದು ಕಾದಂಬರಿ, ಸಿನಿಮಾಗಳಲ್ಲಿ ನೀಳ ದೇಹದ ಸುಂದರ ಯುವಕ. ಯುಝುರು ಹಾನ್ಯೂ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅವನ ವೇಷದಲ್ಲೇ ಸ್ಕೇಟಿಂಗ್ ಮಾಡಿ ಚಿನ್ನ ಗೆದ್ದರು. ನಿಜವಾದ ಸೇಯ್ಮೇಯ್ (921–1005) ಪಂಚಾಂಗ, ಗ್ರಹಗತಿ, ಗಳಿಗೆ ಲೆಕ್ಕ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ನೌಕರ, ನಲವತ್ತರ ವಯಸ್ಸಿನಲ್ಲಿ ಇನ್ನೂ ವಿದ್ಯಾರ್ಥಿ. ಹೆಸರು ಬಂದದ್ದು ಮುಪ್ಪಿನಲ್ಲಿ. ಇಂಥ ಬದಲಾವಣೆಯಿಂದ ಯಾರಿಗೂ ನಷ್ಟವಿಲ್ಲ, ನಿವೃತ್ತಿಯ ಅಂಚಿನ ಗುಮಾಸ್ತನ ಸಾಹಸಕಥೆಯನ್ನು ಓದುವ ಆಸೆ ನನಗೆ ಇದ್ದೇ ಇದೆ.

ಸೇಯ್ಮೇಯ್ ಕಥೆಗಳು ಮೊದಲು ಸಿಗುವ ಸಂಗ್ರಹಗಳಲ್ಲಿ 12ನೇ ಶತಮಾನದ 'ಕೊಂಜಾಕು ಮೊನೊಗತಾರಿ' ದೊಡ್ಡದು. ಅದರ ಮೊದಲ ಐದು ಸಂಪುಟಗಳು ಭಾರತದ ಕಥೆಗಳವು. ಅಲ್ಲಿ ತಲೆಯ ಮೇಲೆ ಒಂದು ಕೊಂಬಿರುವ ಋಷಿಯೊಬ್ಬ ಮಳೆಯಿಂದ ಜಾರುವ ಬೆಟ್ಟದಲ್ಲಿ ಬಿದ್ದು, ಸಿಟ್ಟಿಗೆ ಮಳೆ ತರುವ ನಾಗರಾಜರನ್ನು ಬಂಧಿಸಿಡುತ್ತಾನೆ. ನಾಡಿಗೆ ಬರ ಬಡಿಯುತ್ತದೆ. ಚೆಲುವೆಯರನ್ನು ಕಳಿಸಿ ಅವನ ತಪಸ್ಸು ಕೆಡಿಸಿದ ಮೇಲೆ ಮಳೆ ಬರುತ್ತದೆ. ಶೃಂಗೇರಿಯ ಹೆಸರಿಗೆ ಕಾರಣನಾದ, ಮಳೆಗಾಗಿ ಇಂದಿಗೂ ಕಿಗ್ಗದಲ್ಲಿ ಪೂಜೆಗೊಳ್ಳುವ ನಮ್ಮ ಋಷ್ಯಶೃಂಗನೇ ಇವನು. ನಮ್ಮಲ್ಲಿ ಮಳೆ ತಂದವನು, ಅಲ್ಲಿ ಮಳೆ ತಡೆದವನು. ನಂತರ ಇವನು ನೋ ನಾಟಕವೂ ಆದ, ಕಬುಕಿ ರಂಗಭೂಮಿಯ ಪ್ರಸಿದ್ಧ ಪ್ರಸಂಗವೂ ಆದ. ಐತಿಹ್ಯಕ್ಕೆ ಶುದ್ಧ ಮೂಲ ಹುಡುಕಲು ಹೊರಟವರು ಹೀಗೆ ಸಮುದ್ರ ದಾಟುತ್ತಲೇ ಇರಬೇಕಾಗುತ್ತದೆ.

ಹೊರಗಿನ ಲೇಖಕರು ಕಂಡುಕೊಂಡ ಇನ್ನೊಂದು ಉಪಾಯ ಊರನ್ನೇ ಕಲ್ಪಿಸಿಕೊಳ್ಳುವುದು. ಇಂಗ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಗಿಲಿಯನ್ ರೂಬಿನ್‌ಸ್ಟೈನ್ 2002ರಿಂದ ಲಿಯಾನ್ ಹರ್ನ್ ಎಂಬ ಹೆಸರಿನಲ್ಲಿ ಬರೆದದ್ದು ಹೀಗೆ: ಜಪಾನಿನಂತೆಯೇ ಇರುವ, ಜಪಾನ್ ಎಂದು ಕರೆಯದ ನಾಡು. ಇದರಿಂದ ತಪ್ಪು ಹುಡುಕುವವರ ಕಾಟ ತಪ್ಪುತ್ತದೆ, ಕಲ್ಪನೆಗೆ ಮೈದಾನ ಸಿಗುತ್ತದೆ. ಆದರೆ ಅಲ್ಲಿ ಓತೆಮಾಚಿಯ ದಿಬ್ಬದಂಥದ್ದು ಇರುವುದಿಲ್ಲ. ಕಲ್ಪಿತ ನಾಡಿನ ಪ್ರೇತಗಳಿಗೆ ಯಾರೂ ಹೆದರಿ ಕಟ್ಟಡ ಕೆಡವುವುದಿಲ್ಲ, ಲೇಖಕನೂ ಅವರಿಗೆ ಉತ್ತರ ಹೇಳಬೇಕಾಗಿಲ್ಲ.

ಹಳೆಯ ಉದ್ದೇಶವನ್ನು ಬಿಡದೆ ಹೊಸದನ್ನು ಕಟ್ಟಬಹುದು ಎಂಬುದಕ್ಕೆ 'ಇನು-ಓ' ಸಾಕ್ಷಿ. ಹೇಯ್ಕೆ ಕಾವ್ಯವನ್ನು ಆಧುನಿಕ ಜಪಾನೀ ಭಾಷೆಗೆ ತಂದ ಫುರುಕಾವಾ ಹಿದೆಓ 2017ರಲ್ಲಿ ಬರೆದ ಕಾದಂಬರಿ ಇದು, ಯುವಾಸಾ ಮಸಾಅಕಿ 2021ರಲ್ಲಿ ಅದನ್ನು ಅನಿಮೇಷನ್ ಚಿತ್ರವಾಗಿಸಿದರು. ದಾನ್‌ನೊಉರಾದ ಸಮುದ್ರದಿಂದ ಮೇಲೆತ್ತಿದ ಕತ್ತಿಯಿಂದ ಕುರುಡನಾದ ಹುಡುಗ ಬಿವಾ ಗಾಯಕನಾಗುತ್ತಾನೆ. ವಿಕಾರ ದೇಹದ ನರ್ತಕ ಇನು-ಓ ಅವನ ಗೆಳೆಯ. ಯಾರೂ ಹೇಳದೆ ಉಳಿದ ಹೇಯ್ಕೆ ಪ್ರೇತಗಳ ಕಥೆಗಳನ್ನು ಇಬ್ಬರೂ ಹಾಡಿ ಕುಣಿದಂತೆಲ್ಲ ನರ್ತಕನ ಒಂದೊಂದು ಅಂಗ ನೆಟ್ಟಗಾಗುತ್ತ ಬರುತ್ತದೆ. ಸಂಗೀತವೋ ಪಕ್ಕಾ ರಾಕ್, 14ನೇ ಶತಮಾನದಲ್ಲಿ ಗಿಟಾರ್‌ನ ಅಬ್ಬರ. ಕಾಲಘಟ್ಟದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಆದರೆ ಚಿತ್ರದ ಶೋಗುನ್ ಮಾಡುವುದನ್ನು ನೋಡಿ: ಹೇಯ್ಕೆಯ ಕಥೆಗೆ ಒಂದೇ ಅಧಿಕೃತ ಪಾಠವಿರಬೇಕು, ಉಳಿದದ್ದನ್ನು ಹಾಡುವಂತಿಲ್ಲ ಎಂದು ಆಜ್ಞೆ ಹೊರಡಿಸುತ್ತಾನೆ. ಗಾಯಕ ಒಪ್ಪದೆ ತಲೆ ಕಳೆದುಕೊಳ್ಳುತ್ತಾನೆ, ನರ್ತಕ ಒಪ್ಪಿ ಆಸ್ಥಾನದಲ್ಲಿ ಉಳಿದುಕೊಳ್ಳುತ್ತಾನೆ.

ಗಾಯಕ ಕಲ್ಪಿತ ವ್ಯಕ್ತಿ, ಇನು-ಓ ಅಲ್ಲ. ಶೋಗುನ್ ಯೊಶಿಮಿತ್ಸುವಿನ ಮೆಚ್ಚಿನ ಕಲಾವಿದನಾಗಿ 1408ರಲ್ಲಿ ಚಕ್ರವರ್ತಿಯ ಮುಂದೆಯೂ ಕುಣಿದ ಆತ 1413ರಲ್ಲಿ ತೀರಿಕೊಂಡ. ಝೆಯಾಮಿ ಅವನನ್ನು ಮನಸಾರೆ ಹೊಗಳಿ ಬರೆದಿದ್ದಾನೆ. ಅವನ ಒಂದೇ ಒಂದು ಕೃತಿಯೂ ನಮಗೆ ಉಳಿದು ಬಂದಿಲ್ಲ. ಫುರುಕಾವಾ ಕಾದಂಬರಿ ಕಟ್ಟಿದ್ದು ಈ ಖಾಲಿ ಜಾಗದಲ್ಲಿ. ದಾಖಲೆಯಿದ್ದ ಕಡೆ ಅದನ್ನು ಗೆಲುವಾಗಿ ತಿದ್ದಲು ಅವರು ಹೋಗಲಿಲ್ಲ. ಇದೇ ಕೆಲಸ ತ್ಸುಶಿಮಾದ ಎಂಬತ್ತು ಸವಾರರಿಗೂ ಆಗಬಹುದಿತ್ತು, ಅವರಲ್ಲಿ ಬಹುತೇಕರ ಹೆಸರೂ ಯಾರಿಗೂ ಗೊತ್ತಿಲ್ಲ.